ಸೊಂಟದ ಎಕ್ಸ್‌ರೇಯಲ್ಲಿ ‘ಮೂಳೆ ಚೂರು’ ಕಂಡಿತೇ? ಗಾಬರಿಗೆ ಮೊದಲು ಇದನ್ನು ಓದಿ

ಈಗ ಎಕ್ಸ್‌ರೇ ರಿಪೋರ್ಟ್ ಡಾಕ್ಟರ ಕೈ ಸೇರುವ ಮೊದಲೇ ನಮ್ಮ ಫೋನಿಗೆ ಬಂದಿರುತ್ತದೆ. ‘ಸೊಂಟದ ಕೀಲಿನ ಅಂಚಿನಲ್ಲಿ ಸಣ್ಣ ಮೂಳೆ ಚೂರು’ ಎಂಬ ಅರ್ಥದ ಒಂದು ಸಾಲು ಅದರಲ್ಲಿದ್ದರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ ಅರ್ಧ ಗಂಟೆಯೊಳಗೆ ಕಾಯಿಲೆಯ ಹೆಸರೂ ಔಷಧಿಯೂ ನಿರ್ಧಾರವಾಗಿಬಿಡುತ್ತವೆ. ಒಬ್ಬರು ‘ಮೂಳೆ ಮುರಿದಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ಕ್ಯಾಲ್ಸಿಯಂ ಕಮ್ಮಿಯಾಗಿ ಮೂಳೆ ಉದುರುತ್ತಿದೆ’ ಎನ್ನುತ್ತಾರೆ. ಮತ್ತೊಬ್ಬರು ‘ಕೂಡಲೇ ತೆಗೆಸಿಬಿಡಿ, ಇಲ್ಲದಿದ್ದರೆ ಕಾಲು ಹೋಗುತ್ತದೆ’ ಎಂದು ಹೆದರಿಸುತ್ತಾರೆ.

ಹೆಚ್ಚಿನ ಸಂದರ್ಭಗಳಲ್ಲಿ ಈ ಮೂರೂ ಮಾತು ಸರಿಯಲ್ಲ. ಹಾಗೆಂದು ‘ಏನೂ ಇಲ್ಲ ಬಿಡಿ’ ಎನ್ನುವುದೂ ಎಲ್ಲ ಸಲ ಸರಿಯಲ್ಲ. ಈ ಚೂರು ಏನು, ಎಲ್ಲಿಂದ ಬರುತ್ತದೆ, ಯಾವಾಗ ತಲೆ ಕೆಡಿಸಿಕೊಳ್ಳಬೇಕು ಎನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ, ‘ಸೊಂಟ’ ಎಂದರೆ ಎಲ್ಲಿ?

ಕನ್ನಡದಲ್ಲಿ ‘ಸೊಂಟ ನೋವು’ ಎಂದರೆ ನಮ್ಮ ಕೈ ಹೋಗುವುದು ಬೆನ್ನಿನ ಕೆಳಭಾಗಕ್ಕೆ. ಉತ್ತರ ಕರ್ನಾಟಕದಲ್ಲಿ ‘ಟೊಂಕ ನೋವು’ ಎಂದರೂ ಅಷ್ಟೇ. ಆದರೆ ಆ ನೋವು ಸಾಮಾನ್ಯವಾಗಿ ಬೆನ್ನುಮೂಳೆಗೆ, ಅದರ ಸ್ನಾಯುಗಳಿಗೆ ಸೇರಿದ್ದು. ನಾವು ಇಲ್ಲಿ ಮಾತಾಡುತ್ತಿರುವುದು ತೊಡೆಯ ಮೂಳೆ ಹೋಗಿ ಸೇರುವ ಸೊಂಟದ ಕೀಲಿನ ಬಗ್ಗೆ. ಈ ಕೀಲು ದೇಹದ ಒಳಗೆ ಆಳದಲ್ಲಿದೆ. ಇದರ ನೋವು ಹೆಚ್ಚಾಗಿ ಮುಂಭಾಗದಲ್ಲಿ, ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲಿ ನೋವು ಎಂದು ಕೇಳಿದರೆ ಹಲವರು ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಇಟ್ಟು ಸೊಂಟದ ಪಕ್ಕವನ್ನು ಹಿಡಿದು ತೋರಿಸುತ್ತಾರೆ. ಕೆಲವರಿಗೆ ಈ ನೋವು ತೊಡೆಯಲ್ಲಿ, ಇನ್ನು ಕೆಲವರಿಗೆ ಮೊಣಕಾಲಿನಲ್ಲಿ ಮಾತ್ರ ಗೊತ್ತಾಗುತ್ತದೆ.

ಡಾಕ್ಟರ ಬಳಿ ಬರೀ ‘ಸೊಂಟ ನೋವು’ ಎನ್ನದೆ, ನೋವಿರುವ ಜಾಗವನ್ನು ಕೈಯಿಟ್ಟು ತೋರಿಸಿ. ಇಲ್ಲದಿದ್ದರೆ ಕೀಲಿನ ಬದಲು ಬೆನ್ನಿನ ಎಕ್ಸ್‌ರೇ ತೆಗೆಸಿಕೊಂಡು ಮನೆಗೆ ಬರುವಂತಾಗಬಹುದು.

ಒರಳು ಮತ್ತು ಗುಂಡು

ಸೊಂಟದ ಕೀಲನ್ನು ಅರ್ಥ ಮಾಡಿಕೊಳ್ಳಲು ಅಜ್ಜಿಯ ಮನೆಯ ರುಬ್ಬುವ ಕಲ್ಲನ್ನು ನೆನಪಿಸಿಕೊಳ್ಳಿ. ಕೆಳಗೆ ಕುಳಿಯಿರುವ ಒರಳು, ಅದರೊಳಗೆ ತಿರುಗುವ ಗುಂಡು. ನಮ್ಮ ಸೊಂಟದ ಮೂಳೆಯಲ್ಲೂ ಅಂಥದೇ ಒಂದು ಕುಳಿಯಿದೆ. ತೊಡೆಮೂಳೆಯ ದುಂಡನೆಯ ತಲೆ ಆ ಕುಳಿಯಲ್ಲಿ ಕೂತು ಎಲ್ಲ ದಿಕ್ಕಿಗೂ ತಿರುಗುತ್ತದೆ. ತಲೆಯ ಕೆಳಗೆ ಮೂಳೆ ಸ್ವಲ್ಪ ಕಿರಿದಾಗುತ್ತದೆ. ಅದನ್ನು ತೊಡೆಮೂಳೆಯ ಕತ್ತು ಎನ್ನುತ್ತಾರೆ.

ಕುಳಿಯ ಒಳಮೈಗೂ ತಲೆಯ ಮೇಲ್ಮೈಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕುಳಿಯ ಅಂಚಿನ ಸುತ್ತ ಲೇಬ್ರಮ್ ಎಂಬ ಮೆತ್ತನೆಯ ಪಟ್ಟಿ ಇದೆ. ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ ಅದು ಕೀಲಿನೊಳಗಿನ ದ್ರವವನ್ನು ಹಿಡಿದಿಟ್ಟು ಕೀಲನ್ನು ಭದ್ರವಾಗಿಡುತ್ತದೆ.

ಈ ಕುಳಿ ಹುಟ್ಟುವಾಗಲೇ ಒಂದೇ ಮೂಳೆಯಾಗಿ ಇರುವುದಿಲ್ಲ. ಮೂರು ಬೇರೆ ಬೇರೆ ಮೂಳೆಗಳು ಅಲ್ಲಿ ಬಂದು ಸೇರುತ್ತವೆ. ಮಕ್ಕಳಲ್ಲಿ ಅವುಗಳ ನಡುವೆ ಮೃದ್ವಸ್ಥಿ ಇರುತ್ತದೆ. ಹದಿಹರೆಯದಲ್ಲಿ ಅದು ಗಟ್ಟಿಯಾಗಿ ಮೂರೂ ಒಂದಾಗುತ್ತವೆ. ಅದೇ ವಯಸ್ಸಿನಲ್ಲಿ ಕುಳಿಯ ಅಂಚಿನಲ್ಲೂ ಪುಟ್ಟ ಪುಟ್ಟ ಮೂಳೆಯ ದ್ವೀಪಗಳು ಹುಟ್ಟಿ, ಹೆಚ್ಚಾಗಿ 18ರ ಆಸುಪಾಸಿಗೆ ದೊಡ್ಡ ಮೂಳೆಯ ಜೊತೆ ಬೆಸೆದುಕೊಳ್ಳುತ್ತವೆ. ಚೂರಿನ ಕಥೆ ಶುರುವಾಗುವುದು ಇಲ್ಲಿಂದಲೇ.

ಚೂರು ಎಲ್ಲಿಂದ ಬಂತು?

ಎಕ್ಸ್‌ರೇಯಲ್ಲಿ ಎಲ್ಲ ಚೂರುಗಳೂ ಬಿಳಿ ಚುಕ್ಕೆಯ ಹಾಗೆಯೇ ಕಾಣುತ್ತವೆ. ಆದರೆ ಅವುಗಳ ಮೂಲ ಬೇರೆ ಬೇರೆ.

1. ಬೆಸೆಯದೆ ಉಳಿದದ್ದು. ಮೇಲೆ ಹೇಳಿದ ಮೂಳೆಯ ದ್ವೀಪ ಕೆಲವರಲ್ಲಿ ದೊಡ್ಡ ಮೂಳೆಯ ಜೊತೆ ಸೇರದೆ ಹಾಗೇ ಉಳಿದುಬಿಡುತ್ತದೆ. ಇದನ್ನು ‘ಆಸ್ ಅಸೆಟಾಬುಲಿ’ ಎನ್ನುತ್ತಾರೆ. ಇದು ಮುರಿತವಲ್ಲ, ಬೆಳವಣಿಗೆಯಲ್ಲಿ ಆದ ಒಂದು ಸಣ್ಣ ವ್ಯತ್ಯಾಸ. ಇನ್ನೂ ಬೆಳೆಯುತ್ತಿರುವ 13–14 ವರ್ಷದ ಮಕ್ಕಳ ಎಕ್ಸ್‌ರೇಯಲ್ಲಿ ಇಂಥ ಚೂರು ಕಂಡರೆ ಅದು ಸಹಜ ಬೆಳವಣಿಗೆಯೇ ಆಗಿರಬಹುದು. ತಿಳಿಯದವರು ಅದನ್ನು ಮುರಿತ ಎಂದುಕೊಳ್ಳುತ್ತಾರೆ.

2. ತಾಗಿ ತಾಗಿ ಸೀಳಿದ್ದು. ತೊಡೆಮೂಳೆಯ ಕತ್ತು ಕುಳಿಯ ಅಂಚಿಗೆ ವರ್ಷಗಟ್ಟಲೆ ಬಡಿಯುತ್ತಿದ್ದರೆ ಅಂಚಿನಲ್ಲಿ ಸಣ್ಣ ಬಿರುಕು ಬಿಟ್ಟು ಒಂದು ತುಂಡು ಬೇರೆಯಾಗಬಹುದು. ಕುಳಿ ಹುಟ್ಟಿನಿಂದಲೇ ಆಳವಿಲ್ಲದೆ ಇರುವವರಲ್ಲೂ ಇದು ಆಗಬಹುದು. ಅಲ್ಲಿ ಇಡೀ ಭಾರ ಅಂಚಿನ ಮೇಲೆಯೇ ಬೀಳುತ್ತದೆ.

3. ಗ್ಯಾಸ್ಕೆಟ್ ಗಟ್ಟಿಯಾದದ್ದು. ಲೇಬ್ರಮ್‌ನೊಳಗೆ ಸುಣ್ಣದ ಅಂಶ ಕೂತು, ಅಥವಾ ಅದರ ಒಂದು ಭಾಗವೇ ಮೂಳೆಯಾಗಿ ಬದಲಾಗಿ ಚೂರಿನಂತೆ ಕಾಣಬಹುದು.

4. ಏಟಿನಿಂದ ಕಿತ್ತುಬಂದದ್ದು. ಕಾರು ಅಪಘಾತದಲ್ಲಿ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದರೆ ತೊಡೆಮೂಳೆಯ ತಲೆ ಹಿಂದಕ್ಕೆ ತಳ್ಳಲ್ಪಟ್ಟು ಕುಳಿಯ ಹಿಂಬದಿಯ ಗೋಡೆ ಒಡೆಯಬಹುದು. ಫುಟ್‌ಬಾಲ್ ಆಡುವ, ಓಡುವ ಹುಡುಗರಲ್ಲಿ ಜೋರಾಗಿ ಒದ್ದಾಗ ತೊಡೆಯ ಸ್ನಾಯು ತಾನು ಅಂಟಿಕೊಂಡಿದ್ದ ಮೂಳೆಯ ತುಣುಕನ್ನೇ ಕಿತ್ತುಕೊಂಡು ಬರುವುದೂ ಉಂಟು.

ಇವುಗಳಲ್ಲಿ ಯಾವುದು ಎಂದು ಗುರುತಿಸುವುದು ಹೇಗೆ? ಚೂರಿನ ಅಂಚು ನುಣುಪಾಗಿ ದುಂಡಗಿದ್ದರೆ ಅದು ಬಹುಕಾಲದಿಂದ ಇರುವಂಥದ್ದು. ಅಂಚು ಚೂಪಾಗಿ ಒರಟಾಗಿದ್ದರೆ ಹೊಸ ಮುರಿತದ ಅನುಮಾನ ಬರುತ್ತದೆ. ಚೂರಿಗೂ ಮೂಳೆಗೂ ನಡುವಿನ ಗೆರೆ ಯಾವ ದಿಕ್ಕಿಗಿದೆ ಎಂಬುದೂ ಸುಳಿವು ಕೊಡುತ್ತದೆ. ಎಕ್ಸ್‌ರೇಯಲ್ಲಿ ಸ್ಪಷ್ಟವಾಗದಿದ್ದರೆ ಸಿ.ಟಿ. ಸ್ಕ್ಯಾನ್ ಅಥವಾ ಎಂಆರ್‌ಐ ಬೇಕಾಗಬಹುದು. ಬರೀ ರಿಪೋರ್ಟಿನ ಸಾಲು ಓದಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

ಮೂಳೆ ಮೂಳೆಗೆ ತಾಗುವುದು ಎಂದರೇನು?

ಒರಳಿನ ಗುಂಡನ್ನು ನೇರವಾಗಿ ತಿರುಗಿಸುವಾಗ ತೊಂದರೆಯಿಲ್ಲ. ತೀರಾ ಓರೆ ಮಾಡಿದರೆ ಅದರ ಕತ್ತು ಒರಳಿನ ಅಂಚಿಗೆ ತಾಗುತ್ತದೆ. ಸೊಂಟದ ಕೀಲಿನಲ್ಲೂ ಕಾಲನ್ನು ಪೂರ್ತಿ ಮಡಚಿ ಒಳಕ್ಕೆ ತಿರುಗಿಸಿದಾಗ ಹೀಗೇ ಆಗುತ್ತದೆ. ಕೆಲವರ ಮೂಳೆಯ ಆಕಾರದಿಂದಾಗಿ ಈ ತಾಗುವಿಕೆ ಬೇಗನೆ, ಮತ್ತೆ ಮತ್ತೆ ಆಗುತ್ತದೆ. ಇದಕ್ಕೆ ‘ಹಿಪ್ ಇಂಪಿಂಜ್‌ಮೆಂಟ್’ ಎಂದು ಹೆಸರು.

ಆಕಾರದ ವ್ಯತ್ಯಾಸ ಎರಡು ಬಗೆಯದು. ತೊಡೆಮೂಳೆಯ ಕತ್ತು ಕಿರಿದಾಗಬೇಕಾದ ಜಾಗದಲ್ಲಿ ಉಬ್ಬಿದ್ದರೆ ಅದು ‘ಕ್ಯಾಮ್’. ಕುಳಿಯ ಅಂಚು ಸೂರಿನ ಹಾಗೆ ಹೆಚ್ಚು ಮುಂದಕ್ಕೆ ಚಾಚಿದ್ದರೆ ಅದು ‘ಪಿನ್ಸರ್’. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಬೆಳೆಯುವ ವಯಸ್ಸಿನಲ್ಲಿ ಫುಟ್‌ಬಾಲ್, ಐಸ್ ಹಾಕಿಯಂಥ ಆಟಗಳನ್ನು ವಿಪರೀತವಾಗಿ ಆಡಿದವರಲ್ಲಿ ಕ್ಯಾಮ್ ಉಬ್ಬು ಹೆಚ್ಚಾಗಿ ಕಂಡುಬಂದಿದೆ.

ಈ ವಿಚಾರವನ್ನು ವೈದ್ಯಲೋಕದ ಗಮನಕ್ಕೆ ಬಲವಾಗಿ ತಂದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮೂಳೆ ತಜ್ಞ ರೈನ್‌ಹೋಲ್ಡ್ ಗಾಂಜ್ ಮತ್ತು ಅವರ ತಂಡ. ಸೊಂಟದ ಕೀಲಿನ ಸವಕಳಿಗೆ ಈ ತಾಗುವಿಕೆ ಒಂದು ಕಾರಣ ಎಂದು ಅವರು 2003ರಲ್ಲಿ ಬರೆದರು. ಅದೇ ಊರಿನ ತಂಡ 2006ರಲ್ಲಿ, ತಾಗುವಿಕೆಗಾಗಿ ಆಪರೇಷನ್ ಆದವರನ್ನು ಪರಿಶೀಲಿಸಿದಾಗ ನೂರಕ್ಕೆ ಮೂರು-ನಾಲ್ಕರಷ್ಟು ಮಾತ್ರ ಕುಳಿಯ ಅಂಚಿನಲ್ಲಿ ದೊಡ್ಡ ಚೂರು ಕಂಡಿತು. ಅಂದರೆ ಚೂರಿಗೂ ತಾಗುವಿಕೆಗೂ ನಂಟಿದೆ. ಆದರೆ ತಾಗುವಿಕೆ ಇದ್ದವರಿಗೆಲ್ಲ ಚೂರಿರುವುದಿಲ್ಲ, ಚೂರಿದ್ದವರಿಗೆಲ್ಲ ತಾಗುವಿಕೆಯ ಕಾಯಿಲೆಯೂ ಇರುವುದಿಲ್ಲ.

ಚಿತ್ರ ಬೇರೆ, ಕಾಯಿಲೆ ಬೇರೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಸ್ಕ್ಯಾನಿನಲ್ಲಿ ಏನೋ ಕಂಡಿತು ಎಂದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಎಂದಾಗುವುದಿಲ್ಲ.

ಸೊಂಟದಲ್ಲಿ ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಅದರಲ್ಲಿ 2,000ಕ್ಕೂ ಹೆಚ್ಚು ಕೀಲುಗಳಿದ್ದವು. ನೋವೇ ಇಲ್ಲದ ಆ ಕೀಲುಗಳಲ್ಲಿ ಶೇ 37ರಷ್ಟರಲ್ಲಿ ಕ್ಯಾಮ್ ಉಬ್ಬು ಇತ್ತು. ಕ್ರೀಡಾಪಟುಗಳಲ್ಲಿ ಅದು ಶೇ 55ರ ಹತ್ತಿರ. ಎಂಆರ್‌ಐ ಮಾಡಿದ ಕಡೆ ಮೂರರಲ್ಲಿ ಎರಡು ಪಾಲು ಕೀಲುಗಳ ಲೇಬ್ರಮ್‌ನಲ್ಲಿ ಹಾನಿ ಕಂಡಿತ್ತು. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು.

ಆದ್ದರಿಂದಲೇ 2016ರಲ್ಲಿ ಇಂಗ್ಲೆಂಡಿನ ವಾರ್ವಿಕ್‌ನಲ್ಲಿ ಸೇರಿದ ಹಲವು ದೇಶಗಳ ತಜ್ಞರು ಒಂದು ಒಪ್ಪಂದಕ್ಕೆ ಬಂದರು. ರೋಗಿಗೆ ಅದಕ್ಕೆ ತಕ್ಕ ನೋವಿರಬೇಕು, ಡಾಕ್ಟರ್ ಕಾಲು ತಿರುಗಿಸಿ ಪರೀಕ್ಷಿಸಿದಾಗ ಲಕ್ಷಣ ಸಿಗಬೇಕು, ಸ್ಕ್ಯಾನಿನಲ್ಲೂ ಕಾಣಬೇಕು. ಮೂರೂ ಕೂಡಿದರೆ ಮಾತ್ರ ಇದನ್ನು ಕಾಯಿಲೆ ಎನ್ನಬೇಕು. ಮೂರರಲ್ಲಿ ಚಿತ್ರ ಒಂದು ಮಾತ್ರ.

ತಾಗುವಿಕೆಯ ನೋವು ಸಾಮಾನ್ಯವಾಗಿ ಹೀಗಿರುತ್ತದೆ: ತಗ್ಗಾದ ಸೀಟಿನಲ್ಲಿ ಹೆಚ್ಚು ಹೊತ್ತು ಕೂತು ಏಳುವಾಗ, ಕಾರಿಗೆ ಹತ್ತಿ ಇಳಿಯುವಾಗ, ಕುಕ್ಕರುಗಾಲಲ್ಲಿ ಕೂತಾಗ, ಬಗ್ಗಿ ಶೂ ಲೇಸ್ ಕಟ್ಟುವಾಗ ತೊಡೆಸಂದಿನಲ್ಲಿ ಚುಚ್ಚಿದಂತೆ ನೋವು. ಕಾಲು ಒಳಕ್ಕೆ ತಿರುಗುವುದು ಕಮ್ಮಿಯಾಗಿರುತ್ತದೆ. ಕೆಲವರಿಗೆ ಕೀಲು ‘ಲಟಕ್’ ಎಂದು ಸಿಕ್ಕಿಕೊಂಡ ಹಾಗೂ ಆಗುತ್ತದೆ. ನೋವಿಲ್ಲದ ಬರೀ ಲಟಕ್ ಶಬ್ದಕ್ಕೆ ಹೆದರಬೇಕಾಗಿಲ್ಲ.

ಗ್ರೂಪಿನಲ್ಲಿ ಓಡಾಡುವ ಮಾತುಗಳು ಎಷ್ಟು ನಿಜ?

ಮಾತು: ಕ್ಯಾಲ್ಸಿಯಂ ಕಮ್ಮಿಯಾದರೆ ಮೂಳೆ ಚೂರಾಗಿ ಉದುರುತ್ತದೆ.
ನಿಜ: ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಿಂದ ಮೂಳೆ ದುರ್ಬಲವಾಗುವುದು ನಿಜ. ಆದರೆ ಕುಳಿಯ ಅಂಚಿನ ಈ ಚೂರು ಸಾಮಾನ್ಯವಾಗಿ ಅದರಿಂದ ಬಂದದ್ದಲ್ಲ. ಮಾತ್ರೆ ನುಂಗಿದರೆ ಚೂರು ಬೆಸೆಯುವುದೂ ಇಲ್ಲ. ಪರೀಕ್ಷೆಯಲ್ಲಿ ಕೊರತೆ ಕಂಡರೆ ಡಾಕ್ಟರ್ ಹೇಳಿದಷ್ಟು ತೆಗೆದುಕೊಳ್ಳಿ. ಮನಸ್ಸಿಗೆ ಬಂದಷ್ಟು ನುಂಗಿದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಅಪಾಯವಿದೆ.

ಮಾತು: ಮಂಗರಬಳ್ಳಿ ತಿಂದರೆ ಚೂರು ಕೂಡಿಕೊಳ್ಳುತ್ತದೆ, ಕಷಾಯ ಕುಡಿದರೆ ಕರಗುತ್ತದೆ.
ನಿಜ: ಮಂಗರಬಳ್ಳಿಯ ಚಟ್ನಿ ಅನ್ನಕ್ಕೆ ರುಚಿ, ಮಾಡಿ ತಿನ್ನಿ. ಆದರೆ ವರ್ಷಗಳಿಂದ ಬೇರೆಯಾಗಿ ಉಳಿದ ಚೂರನ್ನು ಅದು ಬೆಸೆಯುತ್ತದೆ ಎನ್ನಲು ಆಧಾರವಿಲ್ಲ. ಮೂಳೆಯನ್ನು ಕರಗಿಸುವ ಕಷಾಯವೂ ಇಲ್ಲ.

ಮಾತು: ಎಣ್ಣೆ ಹಚ್ಚಿ ಎಳೆದು ಕೂರಿಸಿದರೆ ಸರಿಹೋಗುತ್ತದೆ.
ನಿಜ: ಚೂರು ಜಾರಿದ ಕೀಲಲ್ಲ, ಎಳೆದು ಕೂರಿಸಲು. ಸುತ್ತಲಿನ ಸ್ನಾಯುಗಳಿಗೆ ಹಗುರವಾಗಿ ಎಣ್ಣೆ ತಿಕ್ಕಿದರೆ ಹಿತವಾಗಬಹುದು. ಜೋರಾಗಿ ಎಳೆದು ತಿರುಚಿದರೆ ಲೇಬ್ರಮ್‌ಗೆ ಇನ್ನಷ್ಟು ಪೆಟ್ಟಾಗಬಹುದು.

ಮಾತು: ದಿನಾ ಪದ್ಮಾಸನ ಹಾಕಿದರೆ ಕೀಲು ಸಡಿಲವಾಗುತ್ತದೆ.
ನಿಜ: ಬಿಗಿಯಾದ ಸ್ನಾಯು ಅಭ್ಯಾಸದಿಂದ ಸಡಿಲವಾಗುತ್ತದೆ. ಮೂಳೆಗೆ ಮೂಳೆ ತಾಗಿ ನಿಂತಿದ್ದರೆ ಎಷ್ಟು ಒತ್ತಿದರೂ ಮುಂದೆ ಹೋಗುವುದಿಲ್ಲ. ಸೊಂಟ ತಿರುಗದಿದ್ದಾಗ ಬಲವಂತ ಮಾಡಿದರೆ ಆ ತಿರುಚು ಮೊಣಕಾಲಿನ ಮೇಲೆ ಬೀಳುತ್ತದೆ. ತೊಡೆಸಂದಿನಲ್ಲಿ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ.

ಮಾತು: ಚೂರು ತೆಗೆಸದಿದ್ದರೆ ಮುಂದೆ ಕೀಲು ಬದಲಿಸಬೇಕಾಗುತ್ತದೆ.
ನಿಜ: ದೊಡ್ಡ ಕ್ಯಾಮ್ ಉಬ್ಬು ಇರುವವರಿಗೆ ಮುಂದೆ ಸವಕಳಿಯಾಗುವ ಸಾಧ್ಯತೆ ಹೆಚ್ಚು ಎನ್ನುವುದು ನಿಜ. ನೆದರ್‌ಲೆಂಡ್ಸ್‌ನಲ್ಲಿ ಸಾವಿರ ಮಂದಿಯನ್ನು ಐದು ವರ್ಷ ಗಮನಿಸಿದ ಅಧ್ಯಯನ ಇದನ್ನು ತೋರಿಸಿದೆ. ಆದರೆ ಅದೇ ಅಧ್ಯಯನದಲ್ಲಿ ಉಬ್ಬಿದ್ದ ಹೆಚ್ಚಿನವರಿಗೆ ಆ ಐದು ವರ್ಷಗಳಲ್ಲಿ ತೀವ್ರ ಸವಕಳಿ ಬರಲಿಲ್ಲ. ನೋವೇ ಇಲ್ಲದವರು ಮುಂಜಾಗ್ರತೆಗಾಗಿ ಆಪರೇಷನ್ ಮಾಡಿಸಿಕೊಳ್ಳಬೇಕು ಎನ್ನಲು ಪುರಾವೆಯಿಲ್ಲ.

ಚಿಕಿತ್ಸೆ ಹೇಗೆ?

ನೋವಿಲ್ಲದೆ, ಬೇರೆ ಯಾವುದೋ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಚೂರು ಕಂಡಿದ್ದರೆ ಹೆಚ್ಚಾಗಿ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಡಾಕ್ಟರಿಗೆ ಒಮ್ಮೆ ತೋರಿಸಿ, ರಿಪೋರ್ಟನ್ನು ಜೋಪಾನವಾಗಿಡಿ. ಮುಂದೆ ಯಾವಾಗಲಾದರೂ ಎಕ್ಸ್‌ರೇ ತೆಗೆದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ನೋವಿದ್ದರೆ ಸಾಮಾನ್ಯವಾಗಿ ಮೊದಲ ಹೆಜ್ಜೆ ಕೀಲನ್ನು ಕೆಣಕದಿರುವುದು. ತಗ್ಗಾದ ಮಣೆ, ಸೋಫಾ ಬಿಟ್ಟು ಎತ್ತರದ ಕುರ್ಚಿಯಲ್ಲಿ ಕೂರುವುದು, ಕೆಲವು ವಾರ ಕುಕ್ಕರುಗಾಲನ್ನು ತಪ್ಪಿಸುವುದು, ಸೈಕಲ್ ಸೀಟನ್ನು ಮೇಲಕ್ಕೆತ್ತುವುದು. ಜೊತೆಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಪೃಷ್ಠದ, ಹೊಟ್ಟೆಯ, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಇದು ಎರಡು ದಿನದ ಕೆಲಸವಲ್ಲ. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಚಿಕಿತ್ಸೆಯಲ್ಲ. ಅದರಿಂದ ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ.

ವ್ಯಾಯಾಮದಿಂದ ಸಾಕಷ್ಟು ಗುಣವಾಗದಿದ್ದರೆ ಆಪರೇಷನ್ನಿನ ಮಾತು ಬರುತ್ತದೆ. ಈಗ ಹೆಚ್ಚಾಗಿ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಆರ್ತ್ರೋಸ್ಕೋಪಿ ಮಾಡುತ್ತಾರೆ. ಉಬ್ಬನ್ನು ಕೆತ್ತಿ ಸರಿಮಾಡುತ್ತಾರೆ, ಹರಿದ ಲೇಬ್ರಮ್ ಅನ್ನು ಹೊಲಿಯುತ್ತಾರೆ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 348 ಮಂದಿಯ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಈ ಆಪರೇಷನ್ನನ್ನೂ ತಜ್ಞರ ಮೇಲ್ವಿಚಾರಣೆಯ ವ್ಯಾಯಾಮವನ್ನೂ ಹೋಲಿಸಿತು. ಸೊಂಟದ ಸ್ಥಿತಿಗೆ 100ಕ್ಕೆ ಅಂಕ ಕೊಟ್ಟಾಗ, ಒಂದು ವರ್ಷದಲ್ಲಿ ಆಪರೇಷನ್ ಗುಂಪಿನ ಸರಾಸರಿ 39ರಿಂದ 59ಕ್ಕೆ ಏರಿತು. ವ್ಯಾಯಾಮದ ಗುಂಪಿನದು 36ರಿಂದ 50ಕ್ಕೆ. ಎರಡರಿಂದಲೂ ಗುಣ ಸಿಕ್ಕಿದೆ. ಆಪರೇಷನ್ನಿನಿಂದ ಸ್ವಲ್ಪ ಹೆಚ್ಚು. ಆದರೆ ಯಾವುದರಿಂದಲೂ ಸರಾಸರಿ 100ರ ಹತ್ತಿರ ಬರಲಿಲ್ಲ ಎನ್ನುವುದನ್ನೂ ಗಮನಿಸಿ.

‘ಚೂರು ತಾನೇ, ಕಿತ್ತು ಬಿಸಾಕಿದರಾಯಿತು’ ಎನ್ನುವಂತಿಲ್ಲ

ಬಹಳ ಮಂದಿಗೆ ಗೊತ್ತಿಲ್ಲದ ವಿಷಯ ಇದು. ಚೂರು ಪುಟ್ಟದಾಗಿದ್ದು ತೊಂದರೆ ಕೊಡುತ್ತಿದ್ದರೆ ತೆಗೆದುಬಿಡಬಹುದು. ಆದರೆ ದೊಡ್ಡ ಚೂರು ಎಷ್ಟೋ ಸಲ ಕುಳಿಯ ಚಾವಣಿಯದೇ ಒಂದು ಭಾಗ. ಅದರ ಅಡಿಯಲ್ಲಿ ಮೃದ್ವಸ್ಥಿಯೂ ಇರುತ್ತದೆ, ದೇಹದ ಭಾರವನ್ನೂ ಅದು ಹೊರುತ್ತಿರುತ್ತದೆ. ಅದನ್ನು ತೆಗೆದರೆ ಒರಳಿನ ಅಂಚು ಒಡೆದ ಹಾಗೆ. ಕುಳಿ ಆಳ ಕಳೆದುಕೊಂಡು ತಲೆ ಜಾರತೊಡಗುತ್ತದೆ, ಸವಕಳಿ ಇನ್ನೂ ಬೇಗ ಬರಬಹುದು. ಮೊದಲೇ ಕುಳಿ ಆಳವಿಲ್ಲದವರಿಗಂತೂ ಇದು ದೊಡ್ಡ ಅಪಾಯ.

ಅದಕ್ಕಾಗಿ ತಜ್ಞರು ಮೊದಲು ಒಂದು ಲೆಕ್ಕ ಹಾಕುತ್ತಾರೆ: ಚೂರನ್ನು ಬಿಟ್ಟು ನೋಡಿದರೆ, ಉಳಿದ ಕುಳಿ ತಲೆಯನ್ನು ಸಾಕಷ್ಟು ಮುಚ್ಚುತ್ತದೆಯೇ? ಮುಚ್ಚುತ್ತದೆ ಎಂದಾದರೆ ತೆಗೆಯಬಹುದು. ಇಲ್ಲವಾದರೆ ಚೂರನ್ನು ಸ್ಕ್ರೂ ಹಾಕಿ ಮೂಳೆಗೇ ಭದ್ರಪಡಿಸಬೇಕಾಗಬಹುದು, ಅಥವಾ ಕುಳಿಯ ದಿಕ್ಕನ್ನೇ ಸರಿಪಡಿಸುವ ಬೇರೆ ಆಪರೇಷನ್ ಬೇಕಾಗಬಹುದು.

ಇವುಗಳಿಗೆ ತಡ ಮಾಡಬೇಡಿ

ಚೂರು ಎಂದ ಕೂಡಲೇ ಹೆದರಬೇಕಿಲ್ಲ. ಆದರೆ ಈ ಲಕ್ಷಣಗಳಿದ್ದರೆ ಗ್ರೂಪಿನಲ್ಲಿ ಕೇಳುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

• ಅಪಘಾತ ಅಥವಾ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ. ಕೀಲಿನೊಳಗೆ ಸಿಕ್ಕಿಕೊಂಡ ಹೊಸ ಚೂರಿಗೆ ಬೇಗ ಚಿಕಿತ್ಸೆ ಬೇಕು.
• 10ರಿಂದ 16 ವರ್ಷದ ಮಕ್ಕಳು ಕುಂಟುತ್ತಿದ್ದರೆ, ತೊಡೆಸಂದು ಅಥವಾ ಮೊಣಕಾಲು ನೋವು ಎನ್ನುತ್ತಿದ್ದರೆ. ಬೆಳೆಯುವ ತೊಡೆಮೂಳೆಯ ತಲೆ ಜಾರಿರಬಹುದು. ದಿನ ಕಳೆದಷ್ಟೂ ಕಷ್ಟ.
• ನೋವಿನ ಜೊತೆ ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆ ಕೆಡಿಸುವ ನೋವು ಇದ್ದರೆ. ಕೀಲಿನ ಸೋಂಕು, ನಮ್ಮಲ್ಲಿ ಇನ್ನೂ ಇರುವ ಮೂಳೆ ಕ್ಷಯ ಮುಂತಾದವನ್ನು ನೋಡಬೇಕಾಗುತ್ತದೆ.
• ಸ್ಟೀರಾಯ್ಡ್ ಔಷಧಿ ಹೆಚ್ಚು ತೆಗೆದುಕೊಂಡವರಲ್ಲಿ, ಮದ್ಯ ಹೆಚ್ಚು ಕುಡಿಯುವವರಲ್ಲಿ ತೊಡೆಸಂದಿನ ನೋವು ಶುರುವಾದರೆ. ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಮೂಳೆ ಸಾಯುತ್ತಿರಬಹುದು.

ಡಾಕ್ಟರ ಬಳಿ ಕೇಳಬೇಕಾದ ಐದು ಪ್ರಶ್ನೆಗಳು

1. ಈ ಚೂರು ಹಳೆಯದೋ, ಹೊಸ ಮುರಿತವೋ?
2. ನನ್ನ ನೋವಿಗೆ ಇದೇ ಕಾರಣ ಎನ್ನಲು ಪರೀಕ್ಷೆಯಲ್ಲಿ ಏನು ಸಿಕ್ಕಿತು?
3. ನನ್ನ ಕುಳಿಯ ಆಳ ಸರಿಯಾಗಿದೆಯೇ?
4. ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದೇ?
5. ಆಪರೇಷನ್ ಆದರೆ ಚೂರನ್ನು ತೆಗೆಯುತ್ತೀರೋ, ಕೂರಿಸುತ್ತೀರೋ? ಯಾಕೆ?

ಸಮಾಧಾನವಾಗುವ ಉತ್ತರ ಸಿಗದೆ ಆಪರೇಷನ್ ದಿನಾಂಕ ಮಾತ್ರ ಸಿಕ್ಕರೆ, ಇನ್ನೊಬ್ಬ ಮೂಳೆ ತಜ್ಞರ ಅಭಿಪ್ರಾಯ ಪಡೆಯಿರಿ. ಅಪಘಾತದ ಏಟಲ್ಲದಿದ್ದರೆ, ಮೇಲೆ ಹೇಳಿದ ಲಕ್ಷಣಗಳೂ ಇಲ್ಲದಿದ್ದರೆ, ಅಷ್ಟು ಕಾಲಾವಕಾಶ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಸೊಂಟದ ಕುಳಿಯ ಅಂಚಿನ ಮೂಳೆ ಚೂರು ಎಷ್ಟೋ ಸಲ ಬೆಳವಣಿಗೆಯಲ್ಲಿ ಬೆಸೆಯದೆ ಉಳಿದದ್ದು. ಕೆಲವು ಸಲ ಮೂಳೆ ಮೂಳೆಗೆ ತಾಗಿ ಆದದ್ದು. ಕ್ಯಾಲ್ಸಿಯಂ ಮಾತ್ರೆಯಿಂದ ಅದು ಬೆಸೆಯುವುದಿಲ್ಲ, ಕಷಾಯದಿಂದ ಕರಗುವುದಿಲ್ಲ. ನೋವು, ಡಾಕ್ಟರ ಪರೀಕ್ಷೆ, ಸ್ಕ್ಯಾನ್ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಅದು ಕಾಯಿಲೆ. ಮೊದಲು ವ್ಯಾಯಾಮ, ಆಮೇಲೆ ಆಪರೇಷನ್ ವಿಚಾರ. ಅಪಘಾತವಾಗಿದ್ದರೆ, ಮಗು ಕುಂಟುತ್ತಿದ್ದರೆ, ನೋವಿನ ಜೊತೆ ಜ್ವರವಿದ್ದರೆ ಕಾಯಬೇಡಿ.